ಮಾಸ್ಕ್ ಹಾಕಿ ಮಲಗಿದರೂ ಹಗಲೆಲ್ಲ ತೂಕಡಿಕೆ, ಜೊತೆಗೆ ಮರೆವು: ಯಾಕೆ ಹೀಗೆ?

ಪ್ರಶ್ನೆ: ನನಗೆ 48 ವರ್ಷ. ಲೆಕ್ಕಪತ್ರ ನೋಡುವ ಕೆಲಸ. ಒಂದು ವರ್ಷದ ಹಿಂದೆ ನಿದ್ದೆಯ ಪರೀಕ್ಷೆ ಮಾಡಿಸಿದಾಗ ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ) ಇದೆ ಅಂತ ಗೊತ್ತಾಯಿತು. ಗಂಟೆಗೆ 41 ಸಲ ಉಸಿರಿಗೆ ಅಡ್ಡಿಯಾಗುತ್ತಿತ್ತಂತೆ. ಅಂದಿನಿಂದ ಸಿಪ್ಯಾಪ್ (ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲನ್ನು ತೆರೆದಿಡುವ ಮೆಷಿನ್) ಹಾಕಿಕೊಂಡೇ ಮಲಗುತ್ತೇನೆ. ಗೊರಕೆ ನಿಂತಿದೆ, ಬೆಳಗಿನ ತಲೆನೋವು ಹೋಗಿದೆ. ಮೆಷಿನ್ ಎಎಚ್‌ಐ 2 ಅಂತ ತೋರಿಸುತ್ತದೆ, ಬಳಕೆ ಸರಾಸರಿ ಐದು ಗಂಟೆ. ಡಾಕ್ಟರ್ ಎಲ್ಲ ಸರಿಯಿದೆ ಎನ್ನುತ್ತಾರೆ. ಆದರೆ ಮಧ್ಯಾಹ್ನವಾದರೆ ಕಣ್ಣು ಎಳೆಯುತ್ತದೆ. ಅಂಕಿಗಳನ್ನು ಹಿಂದು ಮುಂದು ಬರೆದುಬಿಡುತ್ತೇನೆ. ಮೀಟಿಂಗಿನಲ್ಲಿ ಹೇಳಿದ ಮಾತು ಸಂಜೆಗೆ ನೆನಪಿರುವುದಿಲ್ಲ. ಮಿದುಳಿಗೆ ಶಾಶ್ವತವಾಗಿ ಪೆಟ್ಟು ಬಿದ್ದಿದೆಯಾ? ಇದು ಡಿಮೆನ್ಷಿಯಾದ ಶುರುವಾ? ಕಾರು ಓಡಿಸಬಹುದಾ?

ಉತ್ತರ: ಮೊದಲು ನಿಮ್ಮ ದೊಡ್ಡ ಹೆದರಿಕೆಯ ಬಗ್ಗೆ. ನೀವು ಬರೆದಿರುವುದರಲ್ಲಿ ಡಿಮೆನ್ಷಿಯಾ ಅನ್ನಿಸುವಂಥದ್ದು ನನಗೆ ಏನೂ ಕಾಣಲಿಲ್ಲ. ನಿದ್ದೆ ಸಾಲದ ಮಿದುಳಿನ ಲಕ್ಷಣಗಳು ಮಾತ್ರ ಎದ್ದು ಕಾಣುತ್ತಿವೆ. ಇದು ನಿಮ್ಮೊಬ್ಬರ ತೊಂದರೆಯೂ ಅಲ್ಲ. ಸಿಪ್ಯಾಪ್ ಸರಿಯಾಗಿ ಬಳಸುವವರಲ್ಲೂ ಕೆಲವರಿಗೆ ಹಗಲಿನ ನಿದ್ದೆಮಂಪರು ಉಳಿದುಕೊಳ್ಳುತ್ತದೆ. ಯಾರನ್ನು ಲೆಕ್ಕಕ್ಕೆ ತೆಗೆದುಕೊಂಡರು ಅನ್ನುವುದರ ಮೇಲೆ ಈ ಪ್ರಮಾಣ ನೂರಕ್ಕೆ 6ರಿಂದ 20ರ ಆಚೀಚೆ ಬದಲಾಗುತ್ತದೆ. 2009ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ಅಧ್ಯಯನದಲ್ಲಿ ಅದು ನೂರಕ್ಕೆ 12 ಇತ್ತು. ಕಾಲು ಚಡಪಡಿಸುವ ತೊಂದರೆ, ಖಿನ್ನತೆ, ನಾರ್ಕೊಲೆಪ್ಸಿ (ಹಗಲಲ್ಲಿ ತಡೆಯಲಾಗದ ನಿದ್ದೆ ಬರುವ ನರಸಂಬಂಧಿ ಕಾಯಿಲೆ) ಇರುವವರನ್ನು ಬಿಟ್ಟು ನೋಡಿದಾಗ 6ಕ್ಕೆ ಇಳಿಯಿತು. ಅಂದರೆ ಸುಮಾರು ಅರ್ಧ ಜನರಿಗೆ ತೂಕಡಿಕೆಗೆ ಬೇರೆ ಕಾರಣವೂ ಇತ್ತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ಸರಾಸರಿ ಐದು ಗಂಟೆ’ ಅನ್ನುವ ಕಡೆ.

ಮೆಷಿನ್ ತೋರಿಸುವ ಎಎಚ್‌ಐ ಅಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕಡಿಮೆಯಾಯಿತು ಅನ್ನುವ ಲೆಕ್ಕ. ಅದು ಮಾಸ್ಕ್ ಮುಖದ ಮೇಲಿದ್ದಾಗಿನ ಲೆಕ್ಕ ಮಾತ್ರ. ಮಾಸ್ಕ್ ತೆಗೆದಿಟ್ಟ ಮೇಲೆ ಏನಾಯಿತು ಅಂತ ಮೆಷಿನ್‌ಗೆ ಗೊತ್ತಿಲ್ಲ. ನೀವು ಲೆಕ್ಕದವರು, ಇದನ್ನು ನೀವೇ ಹಾಕಿ ನೋಡಬಹುದು. ರಾತ್ರಿ ಏಳು ಗಂಟೆ ನಿದ್ದೆ ಮಾಡುತ್ತೀರಿ ಅಂತ ಇಟ್ಟುಕೊಳ್ಳೋಣ. ಮಾಸ್ಕ್ ಇರುವ ಐದು ಗಂಟೆಯಲ್ಲಿ ಗಂಟೆಗೆ 2ರಂತೆ 10 ಸಲ. ಮಾಸ್ಕ್ ಇಲ್ಲದ ಎರಡು ಗಂಟೆಯಲ್ಲಿ ಹಳೆಯ ದರದಲ್ಲೇ, ಗಂಟೆಗೆ 41ರಂತೆ, 82 ಸಲ. ಒಟ್ಟು 92. ಏಳರಿಂದ ಭಾಗಿಸಿದರೆ ಗಂಟೆಗೆ ಸುಮಾರು 13. ಐದಕ್ಕಿಂತ ಕೆಳಗಿದ್ದರೆ ಸಹಜ, 5ರಿಂದ 15 ಸೌಮ್ಯ ಆಪ್ನಿಯಾ, 15ರಿಂದ 30 ಮಧ್ಯಮ, 30ರ ಮೇಲೆ ತೀವ್ರ. ಇದು ಅಂದಾಜಿನ ಲೆಕ್ಕ, ನಿಜ. ಆದರೂ ಪರದೆಯ ಮೇಲೆ 2 ಅಂತ ನೋಡಿ ಖುಷಿಪಡುವವರು ಇಡೀ ರಾತ್ರಿಯ ಲೆಕ್ಕದಲ್ಲಿ ಇನ್ನೂ ಆಪ್ನಿಯಾ ರೋಗಿಯೇ ಆಗಿರಬಹುದು.

ಆ ಎರಡು ಗಂಟೆ ಯಾವುದು ಅನ್ನುವುದೂ ಮುಖ್ಯ. ಹೆಚ್ಚಿನವರು ಮಾಸ್ಕ್ ಕಿತ್ತು ಹಾಕುವುದು ಬೆಳಗಿನ ಜಾವದಲ್ಲಿ. ಒಂದು ಸಲ ಎಚ್ಚರವಾಗುತ್ತದೆ, ಬಾತ್‌ರೂಮಿಗೆ ಹೋಗಿ ಬರುತ್ತಾರೆ, ‘ಇನ್ನೇನು ಬೆಳಗಾಯಿತಲ್ಲ’ ಅಂತ ಹಾಗೇ ಮಲಗುತ್ತಾರೆ. ಕನಸು ಬೀಳುವ ರೆಮ್ ನಿದ್ದೆ ಹೆಚ್ಚಾಗಿ ಬರುವುದೇ ರಾತ್ರಿಯ ಕೊನೆಯ ಭಾಗದಲ್ಲಿ. ರೆಮ್‌ನಲ್ಲಿ ಗಂಟಲಿನ ಸ್ನಾಯುಗಳು ತೀರಾ ಸಡಿಲವಾಗುತ್ತವೆ. ಹಾಗಾಗಿ ಬಹಳ ಜನರಲ್ಲಿ ಆಪ್ನಿಯಾ ಅತಿ ಕೆಟ್ಟದಾಗಿರುವುದು, ಆಮ್ಲಜನಕ ಜಾಸ್ತಿ ಇಳಿಯುವುದು ಆಗಲೇ. ಕಲಿತದ್ದನ್ನು ಗಟ್ಟಿ ಮಾಡಿಕೊಳ್ಳುವ ಕೆಲಸದಲ್ಲೂ ಈ ನಿದ್ದೆಗೆ ಪಾಲಿದೆ. ಕೊನೆಯ ಎರಡು ಗಂಟೆ ಮಾಸ್ಕ್ ಇಲ್ಲ ಅಂದರೆ ರಾತ್ರಿಯ ಅತ್ಯಂತ ಅಪಾಯದ ಹೊತ್ತನ್ನೇ ಚಿಕಿತ್ಸೆಯಿಂದ ಹೊರಗಿಟ್ಟ ಹಾಗೆ.

‘ನಾಲ್ಕು ಗಂಟೆ ಹಾಕಿದರೆ ಸಾಕು’ ಅನ್ನುವ ಮಾತನ್ನು ನೀವೂ ಕೇಳಿರಬಹುದು. ಅದು ಹೆಚ್ಚಾಗಿ ವಿಮೆಯವರು ಬಳಕೆಯನ್ನು ಅಳೆಯಲು ಇಟ್ಟುಕೊಂಡ ಗೆರೆ. ಮಿದುಳು ಆ ಗೆರೆಯನ್ನು ನೋಡುವುದಿಲ್ಲ. 2007ರ ಒಂದು ಅಧ್ಯಯನ ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿತು. ‘ನಿದ್ದೆ ಬರುತ್ತದೆ’ ಅನ್ನುವ ಅನಿಸಿಕೆ ಕಡಿಮೆಯಾಗಲು ಸುಮಾರು ನಾಲ್ಕು ಗಂಟೆಯ ಬಳಕೆ ಬೇಕಿತ್ತು. ಪ್ರಯೋಗಾಲಯದಲ್ಲಿ ಅಳೆದ ನಿದ್ದೆಮಂಪರು ಇಳಿಯಲು ಆರು ಗಂಟೆ ಬೇಕಿತ್ತು. ದಿನದ ಕೆಲಸಗಳನ್ನು ಮೊದಲಿನಂತೆ ನಿಭಾಯಿಸಲು ಏಳೂವರೆ ಗಂಟೆ. ಅಷ್ಟು ಬಳಸಿಯೂ ಎಲ್ಲರೂ ಸರಿಹೋಗಲಿಲ್ಲ, ಅದು ಬೇರೆ ಮಾತು. ನೆನಪಿನ ವಿಷಯದಲ್ಲೂ ಇದೇ ಕಥೆ. ನೆನಪು ಕುಂದಿದ್ದ ಆಪ್ನಿಯಾ ರೋಗಿಗಳನ್ನು ಮೂರು ತಿಂಗಳು ನೋಡಿದ 2006ರ ಅಧ್ಯಯನ ಒಂದಿದೆ. ಅದರಲ್ಲಿ ರಾತ್ರಿ ಆರು ಗಂಟೆಗಿಂತ ಹೆಚ್ಚು ಮಾಸ್ಕ್ ಹಾಕಿದವರ ನೆನಪು ಸಹಜ ಮಟ್ಟಕ್ಕೆ ಬರುವ ಸಾಧ್ಯತೆ, ಎರಡು ಗಂಟೆಗಿಂತ ಕಡಿಮೆ ಹಾಕಿದವರಿಗಿಂತ ಸುಮಾರು ಎಂಟು ಪಟ್ಟು ಇತ್ತು.

ಆದ್ದರಿಂದ ಮೊದಲ ಕೆಲಸ: ಸರಾಸರಿಯನ್ನು ಬಿಟ್ಟು ಒಂದೊಂದು ರಾತ್ರಿಯ ಗ್ರಾಫ್ ನೋಡಿ. ಮೆಷಿನ್‌ನ ಕಾರ್ಡ್ ಅಥವಾ ಮೊಬೈಲ್ ಆ್ಯಪ್‌ನಲ್ಲಿ ಅದು ಸಿಗುತ್ತದೆ. ಐದು ಗಂಟೆ ಅಂದರೆ ದಿನಾ ಐದಾ? ಅಥವಾ ಒಂದು ದಿನ ಏಳು, ಇನ್ನೊಂದು ದಿನ ಮೂರಾ? ಎಷ್ಟು ಹೊತ್ತಿಗೆ ಬಂದ್ ಆಗುತ್ತಿದೆ? ಕೆಲವರು ನಿದ್ದೆಗಣ್ಣಿನಲ್ಲೇ ಮಾಸ್ಕ್ ಎಳೆದು ಹಾಕುತ್ತಾರೆ, ಬೆಳಿಗ್ಗೆ ಅದರ ನೆನಪೇ ಇರುವುದಿಲ್ಲ. ಮಾಸ್ಕ್ ಬಿಚ್ಚುವ ಮುಂಚಿನ ಅರ್ಧ ಗಂಟೆಯಲ್ಲಿ ಗಾಳಿ ಸೋರಿಕೆ ಏರಿದೆಯಾ, ಒತ್ತಡ ಏರಿದೆಯಾ ಅಂತ ನೋಡಿದರೆ ಕಾರಣ ಅಲ್ಲೇ ಸಿಗುವುದುಂಟು. ಮೂಗು ಕಟ್ಟುವುದು, ಬಾಯಿ ಒಣಗುವುದು, ಅಳತೆಗೆ ಹೊಂದದ ಮಾಸ್ಕ್, ಇವೆಲ್ಲ ಸರಿಮಾಡಬಹುದಾದ ತೊಂದರೆಗಳು. ಒಂದು ತಿಂಗಳು ಮಲಗಿದ ಕ್ಷಣದಿಂದ ಏಳುವವರೆಗೂ ಮಾಸ್ಕ್ ಇರಲಿ. ಮಧ್ಯಾಹ್ನ ಮಲಗಿದರೂ ಅಷ್ಟೇ. ಜೊತೆಗೆ ಹಾಸಿಗೆಯಲ್ಲಿ ಕಳೆಯುವ ಒಟ್ಟು ಸಮಯವನ್ನೂ ನೋಡಿಕೊಳ್ಳಿ. ಒಟ್ಟು ಮಲಗುವುದೇ ಐದೂವರೆ ಗಂಟೆ ಆದರೆ ಯಾವ ಮೆಷಿನ್ನೂ ಏನೂ ಮಾಡಲಾರದು. ಈ ಒಂದು ತಿಂಗಳಾದ ಮೇಲಷ್ಟೇ ‘ಚಿಕಿತ್ಸೆಯಾದರೂ ನಿದ್ದೆ ಉಳಿದಿದೆ’ ಅನ್ನುವ ಮಾತು ನಿಮಗೆ ಹೊಂದುತ್ತದಾ ಅಂತ ಹೇಳಲು ಸಾಧ್ಯ.

ಈಗ ಅಂಕಿ ತಪ್ಪುವುದು, ಮಾತು ಮರೆಯುವುದು.

ಚಿಕಿತ್ಸೆಯಾದರೂ ಉಳಿದ ನಿದ್ದೆಮಂಪರು ಮೊದಲು ಹೊಡೆಯುವುದು ಗಮನವನ್ನು. ಇದನ್ನು ಅಳೆಯಲು ತುಂಬಾ ಸರಳವಾದ, ತುಂಬಾ ಬೇಜಾರಿನ ಒಂದು ಪರೀಕ್ಷೆ ಇದೆ. ಬೇಜಾರಾಗಬೇಕು ಅಂತಲೇ ಅದನ್ನು ಹಾಗೆ ಮಾಡಿದ್ದಾರೆ. ಹತ್ತು ನಿಮಿಷ ಖಾಲಿ ಪರದೆ ನೋಡುತ್ತಾ ಕೂರಬೇಕು. ಕೆಲವು ಸೆಕೆಂಡಿಗೊಮ್ಮೆ, ಹೇಳದೆ ಕೇಳದೆ, ಅಂಕಿಗಳು ಓಡಲು ಶುರುವಾಗುತ್ತವೆ. ಕಂಡ ಕೂಡಲೇ ಬಟನ್ ಒತ್ತಬೇಕು. ಎಚ್ಚರವಿರುವವರು ಕಾಲು ಸೆಕೆಂಡಿನ ಆಸುಪಾಸಿನಲ್ಲಿ ಒತ್ತುತ್ತಾರೆ. ಅರ್ಧ ಸೆಕೆಂಡು ದಾಟಿದರೆ ‘ಗಮನ ತಪ್ಪಿತು’ ಅಂತ ಲೆಕ್ಕ. ನಿದ್ದೆಗೆಟ್ಟವರ ಫಲಿತಾಂಶದಲ್ಲಿ ಒಂದು ವಿಶೇಷ ಕಾಣುತ್ತದೆ. ಅವರು ಎಲ್ಲದರಲ್ಲೂ ಒಂದೇ ಸಮ ನಿಧಾನ ಆಗಿರುವುದಿಲ್ಲ. ಹತ್ತಾರು ಸಲ ಚುರುಕಾಗಿಯೇ ಒತ್ತುತ್ತಾರೆ, ಆಮೇಲೆ ಒಂದು ಸಲ ಇದ್ದಕ್ಕಿದ್ದಂತೆ ಎರಡು ಸೆಕೆಂಡು ಕಾಣೆಯಾಗುತ್ತಾರೆ. ಮತ್ತೆ ಚುರುಕು. ಸಡಿಲ ಹೋಲ್ಡರಿನ ಬಲ್ಬ್ ಮಿಣುಕಿದ ಹಾಗೆ. ಹತ್ತು ನಿಮಿಷದಲ್ಲಿ ಮೊದಲ ಎರಡು ಮೂರು ನಿಮಿಷ ಚೆನ್ನಾಗಿದ್ದು, ಹೊತ್ತು ಹೋದಂತೆ ಇಂಥ ಜಾಗಗಳು ಜಾಸ್ತಿಯಾಗುತ್ತವೆ.

ನೀವು ಅಂಕಿ ಅದಲು ಬದಲು ಮಾಡುವುದು ಬಹುಶಃ ಈ ಮಿಣುಕಿನಲ್ಲೇ. ನೂರು ಸಾಲು ಸರಿ, ನೂರ ಒಂದನೆಯದು ತಪ್ಪು. ಕೆಲಸ ಬರುವುದಿಲ್ಲ ಅಂತಲ್ಲ, ಆ ಕ್ಷಣದಲ್ಲಿ ನೀವು ಅಲ್ಲಿರಲಿಲ್ಲ ಅಷ್ಟೇ.

ಮೀಟಿಂಗಿನ ಮಾತು ಮರೆಯುವುದರ ಹಿಂದೆಯೂ ಬಹಳ ಸಲ ಇದೇ ಇರುತ್ತದೆ. ಒಳಗೆ ಹೋಗದ ಮಾತು ಹೊರಗೆ ಬರುವುದು ಹೇಗೆ? ಇದನ್ನು ನೀವೇ ನೋಡಿಕೊಳ್ಳಬಹುದು. ಮೀಟಿಂಗ್ ಮುಗಿದ ಕೂಡಲೇ, ಎದ್ದು ಹೋಗುವ ಮುಂಚೆ, ತೀರ್ಮಾನವಾದ ಐದು ವಿಷಯ ಬರೆಯಿರಿ. ಆಗಲೇ ಮೂರು ಬಿಟ್ಟುಹೋಗಿದ್ದರೆ ಅದು ಗಮನದ ತೊಂದರೆ. ಆಗ ಐದೂ ಬರೆದು, ಸಂಜೆ ಆ ಚೀಟಿ ನೋಡಿದರೂ ‘ಇಂಥ ಮಾತು ಆಗಿತ್ತಾ?’ ಅನ್ನಿಸಿದರೆ, ಮತ್ತೆ ಮತ್ತೆ ಹಾಗಾದರೆ, ಅದು ಬೇರೆ ಜಾತಿಯ ಮರೆವು. ನೆನಪಿನ ಪರೀಕ್ಷೆ ಮಾಡಿಸಬೇಕು. ಇದು ಮನೆಯ ಮಟ್ಟದ ಅಂದಾಜು, ರೋಗನಿರ್ಣಯ ಅಲ್ಲ. ಆದರೆ ಡಾಕ್ಟರ್ ಎದುರು ಸುಮ್ನೆ ‘ಮರೆವು’ ಅನ್ನುವುದಕ್ಕಿಂತ ಈ ವಿವರ ಎಷ್ಟೋ ಉಪಯೋಗ.

ಗಮನದ ನಂತರ ಸೊರಗುವುದು ಯೋಜನೆ ಹಾಕುವ, ಎರಡು ಕೆಲಸಗಳ ನಡುವೆ ಮನಸ್ಸು ಹೊರಳಿಸುವ, ಬೇಡದ್ದನ್ನು ತಡೆಯುವ ಶಕ್ತಿ. ಫೋನ್ ಬಂದು ಹೋದ ಮೇಲೆ ಎಲ್ಲಿದ್ದೆ ಅಂತ ತಿಳಿಯದೆ ಮೊದಲಿಂದ ಶುರುಮಾಡುವುದು, ಚಿಕ್ಕ ಮಾತಿಗೆ ರೇಗುವುದು ಇದರಲ್ಲೇ ಬರುತ್ತವೆ. ಭಾಷೆ, ಪದಸಂಪತ್ತು, ಒಟ್ಟಾರೆ ಬುದ್ಧಿಮಟ್ಟ ಸಾಮಾನ್ಯವಾಗಿ ಹಾಗೇ ಇರುತ್ತವೆ. ನಿಮ್ಮ ಪ್ರಶ್ನೆಯನ್ನು ನೀವು ಬರೆದಿರುವ ರೀತಿಯೇ ಅದಕ್ಕೆ ಸಾಕ್ಷಿ.

ಇಲ್ಲೊಂದು ಎಚ್ಚರಿಕೆ. ನಿದ್ದೆ ಸಾಲದವರು ತಮ್ಮನ್ನು ತಾವು ಅಳೆಯುವುದರಲ್ಲಿ ತುಂಬಾ ಕೆಟ್ಟವರು. 2003ರ ಒಂದು ಪ್ರಸಿದ್ಧ ಪ್ರಯೋಗದಲ್ಲಿ ಆರೋಗ್ಯವಂತರನ್ನು 14 ದಿನ ರಾತ್ರಿಗೆ ಆರು ಗಂಟೆ ಮಾತ್ರ ಮಲಗಲು ಬಿಟ್ಟರು. ಕೊನೆಕೊನೆಗೆ ಅವರ ಗಮನ ಇಡೀ ರಾತ್ರಿ ಮಲಗದೇ ಇದ್ದವರ ಮಟ್ಟಕ್ಕೆ ಕುಸಿದಿತ್ತು. ಆದರೆ ಕೇಳಿದರೆ ‘ಸ್ವಲ್ಪ ನಿದ್ದೆ ಬರುತ್ತೆ, ಅಷ್ಟೇ’ ಅನ್ನುತ್ತಿದ್ದರು. ಗಮನ ದಿನದಿಂದ ದಿನಕ್ಕೆ ಇಳಿಯುತ್ತಿತ್ತು, ನಿದ್ದೆ ಬರುತ್ತಿದೆ ಅನ್ನುವ ಅನಿಸಿಕೆ ಕೆಲವೇ ದಿನದಲ್ಲಿ ಒಂದು ಮಟ್ಟಕ್ಕೆ ನಿಂತುಬಿಟ್ಟಿತ್ತು. ಹಾಗಾಗಿ ಹಗಲಿನ ನಿದ್ದೆ ಅಳೆಯುವ ಎಪ್‌ವರ್ತ್ ಪ್ರಶ್ನಾವಳಿ ತುಂಬುವಾಗ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಓದುವಾಗ, ಟಿವಿ ನೋಡುವಾಗ, ಟ್ರಾಫಿಕ್‌ನಲ್ಲಿ ಕಾರು ನಿಂತಾಗ, ಹೀಗೆ ಎಂಟು ಸಂದರ್ಭದಲ್ಲಿ ಜೊಂಪು ಹತ್ತುವ ಸಾಧ್ಯತೆ ಎಷ್ಟು ಅಂತ ಕೇಳುತ್ತಾರೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು 24. ಹತ್ತು ದಾಟಿದರೆ ಹೆಚ್ಚು ನಿದ್ದೆ ಅಂತ ಅರ್ಥ. ಎಷ್ಟೋ ಸಲ ಗಂಡ 7 ಕೊಟ್ಟುಕೊಂಡ ಕಡೆ ಹೆಂಡತಿ 14 ಕೊಡುತ್ತಾರೆ. ಹೆಂಡತಿಯ ಲೆಕ್ಕವನ್ನೇ ನಂಬುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಮಿದುಳಿಗೆ ಶಾಶ್ವತ ಪೆಟ್ಟು ಬಿದ್ದಿದೆಯಾ ಅಂತ ಕೇಳಿದ್ದೀರಿ. ವರ್ಷಗಟ್ಟಲೆ ರಾತ್ರಿ ಆಮ್ಲಜನಕ ಇಳಿದು ಏರಿ, ಇಳಿದು ಏರಿ ಆದರೆ ಏನಾಗುತ್ತದೆ ಅಂತ ಇಲಿಗಳಲ್ಲಿ ನೋಡಿದ್ದಾರೆ. ನಮ್ಮನ್ನು ಎಚ್ಚರವಾಗಿಡುವ ಕೆಲವು ನರಕೋಶಗಳಿಗೆ, ಮುಖ್ಯವಾಗಿ ನಾರ್‌ಅಡ್ರಿನಲಿನ್ ಮತ್ತು ಡೋಪಮಿನ್ ಅನ್ನುವ ರಾಸಾಯನಿಕಗಳನ್ನು ಬಳಸುವ ಕೋಶಗಳಿಗೆ, ಹಾನಿಯಾಗಿತ್ತು. ಸಾಮಾನ್ಯ ಗಾಳಿಗೆ ಮರಳಿದ ಮೇಲೂ ಆ ಇಲಿಗಳಿಗೆ ನಿದ್ದೆ ಜಾಸ್ತಿಯೇ ಇತ್ತು. ಚಿಕಿತ್ಸೆಯಾದ ಮೇಲೂ ಕೆಲವರಿಗೆ ಮಂಪರು ಯಾಕೆ ಉಳಿಯುತ್ತದೆ ಅನ್ನುವುದಕ್ಕೆ ಇದು ಒಳ್ಳೆಯ ಸುಳಿವು. ಆದರೆ ಇಲಿಯ ಮಾತನ್ನು ನೇರವಾಗಿ ಮನುಷ್ಯರಿಗೆ ಅಂಟಿಸಬಾರದು.

ಮನುಷ್ಯರ ಎಂಆರ್‌ಐ ಅಧ್ಯಯನಗಳು ಧೈರ್ಯ ಕೊಡುವಂತಿವೆ. ಇಟಲಿಯ ಒಂದು ತಂಡ ತೀವ್ರ ಆಪ್ನಿಯಾ ಇದ್ದವರನ್ನು ಚಿಕಿತ್ಸೆಯ ಮುಂಚೆ ಮತ್ತು ನಂತರ ಪರೀಕ್ಷಿಸಿತು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಮತ್ತು ಮುಂಭಾಗದ ಕೆಲವು ಜಾಗಗಳು ಸೊರಗಿದ್ದು, ಮೂರು ತಿಂಗಳ ಸಿಪ್ಯಾಪ್ ನಂತರ ಸುಧಾರಿಸಿದ್ದವು. ಮಿದುಳಿನ ಭಾಗಗಳನ್ನು ಜೋಡಿಸುವ ಬಿಳಿ ನಾರುಗಳ ಬದಲಾವಣೆ ಮಾತ್ರ ಮೂರು ತಿಂಗಳಲ್ಲಿ ಅಷ್ಟಾಗಿ ಸರಿಹೋಗಲಿಲ್ಲ. ಹನ್ನೆರಡು ತಿಂಗಳ ಹೊತ್ತಿಗೆ ಹೆಚ್ಚೂ ಕಡಿಮೆ ಸರಿಹೋಗಿತ್ತು. ಅದು ಸರಿಯಾಗಿ ಮಾಸ್ಕ್ ಬಳಸಿದವರ ಕಥೆ. ನೀವು ಒಂದು ವರ್ಷ ಬಳಸಿದ್ದೀರಿ, ಆದರೆ ಪೂರ್ತಿ ರಾತ್ರಿಯ ಲೆಕ್ಕದಲ್ಲಿ ಆ ಗಡಿಯಾರ ಬಹುಶಃ ಇನ್ನೂ ಶುರುವಾಗಿಲ್ಲ.

ಇನ್ನೊಂದು ಬದಿಯನ್ನೂ ಹೇಳಬೇಕು. 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಪ್ರಯೋಗದಲ್ಲಿ ಸಾವಿರಕ್ಕೂ ಹೆಚ್ಚು ಜನ ಆರು ತಿಂಗಳು ನಿಜವಾದ ಅಥವಾ ತೋರಿಕೆಯ ಸಿಪ್ಯಾಪ್ ಬಳಸಿದರು. ನಿಜವಾದ ಮೆಷಿನ್ ಬಳಸಿದವರಿಗೆ ನಿದ್ದೆಮಂಪರು ಕಡಿಮೆಯಾಯಿತು. ಆದರೆ ಯೋಚನಾಶಕ್ತಿಯಲ್ಲಿ ಎರಡನೇ ತಿಂಗಳಲ್ಲಿ ಕಂಡ ಸಣ್ಣ ಲಾಭ ಆರನೇ ತಿಂಗಳಿಗೆ ಉಳಿಯಲಿಲ್ಲ. ಇದನ್ನು ಹಿಡಿದುಕೊಂಡು ‘ಸಿಪ್ಯಾಪ್‌ನಿಂದ ಬುದ್ಧಿಗೆ ಏನೂ ಲಾಭವಿಲ್ಲ’ ಅನ್ನುವವರಿದ್ದಾರೆ. ಅದರಲ್ಲಿ ಆರು ತಿಂಗಳ ಹೊತ್ತಿಗೆ ಸರಾಸರಿ ಬಳಕೆ ರಾತ್ರಿಗೆ ಸುಮಾರು ನಾಲ್ಕು ಗಂಟೆಯಷ್ಟೇ ಇತ್ತು ಅನ್ನುವುದನ್ನು ಅವರು ಹೇಳುವುದಿಲ್ಲ.

ಒಂದು ತಿಂಗಳು ಪೂರ್ತಿ ರಾತ್ರಿ ಮಾಸ್ಕ್ ಹಾಕಿಯೂ ಮಧ್ಯಾಹ್ನ ಕಣ್ಣು ಎಳೆಯುತ್ತಿದ್ದರೆ ಬೇರೆ ಕಾರಣ ಹುಡುಕಬೇಕು. ಥೈರಾಯ್ಡ್, ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ಸಂಗ್ರಹ), ಬಿ12, ಸಕ್ಕರೆ ಪರೀಕ್ಷೆಗಳು ಸುಲಭ. ಸಂಜೆಯಾದರೆ ಕಾಲು ಸುಮ್ಮನಿರಲು ಬಿಡುವುದಿಲ್ಲವಾ, ಅದನ್ನು ಹೇಳಿ. ಖಿನ್ನತೆ ಅಂದರೆ ಅಳು ಅಂತ ಬಹಳ ಜನ ತಿಳಿದಿದ್ದಾರೆ. ಅದು ದಣಿವು, ಆಸಕ್ತಿ ಇಲ್ಲದಿರುವುದು, ಮನಸ್ಸು ಒಂದು ಕಡೆ ನಿಲ್ಲದಿರುವುದು ಆಗಿಯೂ ಬರುತ್ತದೆ. ದಣಿವು ಬೇರೆ, ನಿದ್ದೆ ಬೇರೆ. ಸುಮ್ಮನೆ ಕೂತರೆ ನಿದ್ದೆ ಬಂದೇಬಿಡುತ್ತದಾ, ಅಥವಾ ಮೈಯಲ್ಲಿ ಶಕ್ತಿ ಇಲ್ಲ ಆದರೆ ಮಲಗಿದರೂ ನಿದ್ದೆ ಬರುವುದಿಲ್ಲವಾ? ಎರಡನೆಯದಾದರೆ ಹುಡುಕಾಟದ ದಾರಿಯೇ ಬೇರೆ. ಮಾತ್ರೆಗಳ ಪಟ್ಟಿಯನ್ನೂ ತೆಗೆದುಕೊಂಡು ಹೋಗಿ. ಅಲರ್ಜಿಗೆ, ನರನೋವಿಗೆ, ಆತಂಕಕ್ಕೆ ಕೊಡುವ ಹಲವು ಮಾತ್ರೆಗಳು ಮಂಪರು ತರುತ್ತವೆ. ಇದೆಲ್ಲ ಸರಿಯಿದ್ದರೆ ಮಾಸ್ಕ್ ಸಮೇತ ಮತ್ತೊಮ್ಮೆ ರಾತ್ರಿಯ ಪರೀಕ್ಷೆ, ಮರುದಿನ ಹಗಲಿನಲ್ಲಿ ಎರಡು ಗಂಟೆಗೊಮ್ಮೆ ಮಲಗಿಸಿ ಎಷ್ಟು ಬೇಗ ನಿದ್ದೆ ಹತ್ತುತ್ತದೆ ಅಂತ ನೋಡುವ ಪರೀಕ್ಷೆ ಮಾಡುತ್ತಾರೆ. ಸರಾಸರಿ ಎಂಟು ನಿಮಿಷದೊಳಗೆ ನಿದ್ದೆ ಹತ್ತಿದರೆ ಅದನ್ನು ಅತಿ ನಿದ್ದೆ ಅಂತಲೇ ನೋಡುತ್ತಾರೆ.

ಯಾವುದೂ ಸಿಗಲಿಲ್ಲ, ನಿದ್ದೆ ಮಾತ್ರ ಉಳಿದಿದೆ ಅಂದಾಗ ಎಚ್ಚರವಾಗಿಡುವ ಔಷಧಿಗಳಿವೆ. ಮೋಡಾಫಿನಿಲ್, ಆರ್ಮೋಡಾಫಿನಿಲ್, ಸೋಲ್ರಿಯಾಂಫೆಟಾಲ್, ಪಿಟೋಲಿಸಾಂಟ್. ಯಾವುದಕ್ಕೆ ಎಲ್ಲಿ ಅನುಮತಿ ಇದೆ ಅನ್ನುವುದು ದೇಶಕ್ಕೊಂದು ಥರ. ಆಪ್ನಿಯಾಕ್ಕೆ ಮೋಡಾಫಿನಿಲ್ ಬಳಸುವ ಅನುಮತಿ ಅಮೆರಿಕದಲ್ಲಿದೆ, ಯುರೋಪಿನಲ್ಲಿ ಅದನ್ನು ಹಿಂತೆಗೆದುಕೊಂಡಿದ್ದಾರೆ. ಇವು ನಿದ್ದೆಯನ್ನು ಕಡಿಮೆ ಮಾಡುತ್ತವೆ. ಯೋಚನಾಶಕ್ತಿಯೂ ಸುಧಾರಿಸುತ್ತದಾ? ನಿದ್ದೆಮಂಪರಿನ ಜೊತೆ ಬುದ್ಧಿಯ ಚುರುಕೂ ಕುಂದಿದ್ದ ಆಪ್ನಿಯಾ ರೋಗಿಗಳಿಗೆ ಸೋಲ್ರಿಯಾಂಫೆಟಾಲ್ ಕೊಟ್ಟು ನೋಡಿದ ಒಂದು ಸಣ್ಣ ಪ್ರಯೋಗದಲ್ಲಿ, ಚಿಹ್ನೆ ಮತ್ತು ಅಂಕಿ ಹೊಂದಿಸುವ ಪರೀಕ್ಷೆಯಲ್ಲಿ ಖಾಲಿ ಮಾತ್ರೆಗಿಂತ ಉತ್ತಮ ಫಲ ಬಂದಿತ್ತು. ಆಶಾದಾಯಕ, ಆದರೆ ಅದು ಕೆಲವೇ ವಾರಗಳ ಪ್ರಯೋಗ. ಸೋಲ್ರಿಯಾಂಫೆಟಾಲ್ ರಕ್ತದೊತ್ತಡ, ನಾಡಿ ಏರಿಸಬಹುದು. ಮೋಡಾಫಿನಿಲ್ ಗರ್ಭನಿರೋಧಕ ಮಾತ್ರೆಯ ಕೆಲಸವನ್ನು ಕುಂದಿಸುತ್ತದೆ. ಅಪರೂಪಕ್ಕೆ ಮೈಮೇಲೆ ದದ್ದು ಎದ್ದರೆ ತಕ್ಷಣ ನಿಲ್ಲಿಸಿ ಡಾಕ್ಟರನ್ನು ನೋಡಬೇಕು. ಇದಕ್ಕಿಂತ ನನಗೆ ಜಾಸ್ತಿ ಚಿಂತೆ ಇನ್ನೊಂದು: ಮಾತ್ರೆ ತಗೊಂಡರೆ ಹಗಲು ಚೆನ್ನಾಗಿರುತ್ತೆ ಅಂತ ಜನ ಮಾಸ್ಕ್ ಬಿಡುತ್ತಾರೆ. ಮಾತ್ರೆ ಗಂಟಲನ್ನು ತೆರೆದಿಡುವುದಿಲ್ಲ.

ಡಿಮೆನ್ಷಿಯಾ ವಿಷಯಕ್ಕೆ ಒಂದು ಮಾತು ಬಾಕಿ ಇದೆ. ವಯಸ್ಸಾದವರಲ್ಲಿ ಚಿಕಿತ್ಸೆಯಿಲ್ಲದ ಆಪ್ನಿಯಾಕ್ಕೂ ಮುಂದೆ ನೆನಪಿನ ಶಕ್ತಿ ಕುಗ್ಗುವುದಕ್ಕೂ ನಂಟಿದೆ ಅಂತ ಹಲವು ಅಧ್ಯಯನಗಳು ಹೇಳಿವೆ. ನಂಟಿದೆ ಅಂದರೆ ಅದೇ ಕಾರಣ ಅಂತ ಆಗುವುದಿಲ್ಲ. 48ರ ವಯಸ್ಸಿನಲ್ಲಿ, ಮಧ್ಯಾಹ್ನ ಹೆಚ್ಚಾಗಿ ಬೆಳಿಗ್ಗೆ ಕಡಿಮೆ ಇರುವ ತಪ್ಪುಗಳು, ನಿದ್ದೆ ಚೆನ್ನಾದ ದಿನ ಮಾಯವಾಗುವ ಮರೆವು, ಇವು ನಿದ್ದೆಯ ಕಡೆಗೇ ಬೆರಳು ತೋರಿಸುತ್ತವೆ. ಪರಿಚಿತ ದಾರಿ ತಪ್ಪುವುದು, ಗೊತ್ತಿದ್ದ ಕೆಲಸದ ಹೆಜ್ಜೆಗಳೇ ಮರೆಯುವುದು, ತಿಂಗಳಿಂದ ತಿಂಗಳಿಗೆ ಕೆಡುತ್ತಾ ಹೋಗುವುದು ಇದ್ದರೆ ನರರೋಗ ತಜ್ಞರನ್ನು ಕಾಣಿ. ಒಂದು ತಿಂಗಳು ಮುಗಿಯಲಿ ಅಂತ ಕಾಯಬೇಡಿ.

ಕಾರು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡು ಜೊಂಪು ಹತ್ತಿದರೆ ಕಾರು ಸುಮಾರು 90 ಮೀಟರ್ ತನ್ನಷ್ಟಕ್ಕೆ ಹೋಗಿರುತ್ತದೆ. ಕಿಟಕಿ ಇಳಿಸುವುದು, ಹಾಡು ಹಾಕುವುದು ಇದನ್ನು ತಡೆಯುವುದಿಲ್ಲ. ಕಾಫಿ ಕುಡಿದು ಇಪ್ಪತ್ತು ನಿಮಿಷ ಮಲಗಿ ಎದ್ದರೆ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ, ಆದರೆ ಅದು ತುರ್ತಿಗೆ ಮಾತ್ರ. ಈಗಿನ ಸ್ಥಿತಿಯಲ್ಲಿ ದೂರದ ಪ್ರಯಾಣ, ಮಧ್ಯಾಹ್ನ ಊಟದ ನಂತರದ ಮತ್ತು ತಡರಾತ್ರಿಯ ಡ್ರೈವಿಂಗ್ ಬೇಡ. ಹಿಂದಿನ ರಾತ್ರಿ ಮಾಸ್ಕ್ ಹಾಕಿಲ್ಲದಿದ್ದರೆ ಮರುದಿನ ಪೂರ್ತಿ ಬೇಡ. ಒಂದೇ ರಾತ್ರಿ ಬಿಟ್ಟರೂ ಹಗಲಿನ ನಿದ್ದೆ ಮರಳುತ್ತದೆ ಅಂತ 1993ರಲ್ಲೇ ತೋರಿಸಿದ್ದಾರೆ. ಸಿಗ್ನಲ್‌ನಲ್ಲಿ ನಿಂತಾಗ ಒಮ್ಮೆಯಾದರೂ ತಲೆ ವಾಲಿದ್ದರೆ, ಅಥವಾ ಬಂದ ದಾರಿಯ ಒಂದಷ್ಟು ಭಾಗ ನೆನಪಿಲ್ಲ ಅನ್ನಿಸಿದ್ದರೆ, ಕೀಲಿಯನ್ನು ಮನೆಯವರ ಕೈಗೆ ಕೊಟ್ಟುಬಿಡಿ. ಮಂದ ಬೆಳಕಿನ ಕೋಣೆಯಲ್ಲಿ ನಾಲ್ಕು ಸಲ, ಒಂದೊಂದು ಸಲ 40 ನಿಮಿಷ, ಎಚ್ಚರವಾಗಿ ಕೂರಲು ಆಗುತ್ತದಾ ಅಂತ ನೋಡುವ ಪರೀಕ್ಷೆಯೊಂದಿದೆ. ಮತ್ತೆ ಯಾವಾಗ ಓಡಿಸಬಹುದು ಅಂತ ತೀರ್ಮಾನಿಸಲು ಅದು ನೆರವಾಗುತ್ತದೆ. ಒಂದು ತಿಂಗಳ ಪೂರ್ತಿ ರಾತ್ರಿಯ ಬಳಕೆಯ ನಂತರ ಅದನ್ನು ಮಾಡಿಸಿ. ಹೋಗುವಾಗ ಮೆಷಿನ್‌ನ ವಿವರವಾದ ವರದಿ, ಮಾತ್ರೆಗಳ ಪಟ್ಟಿ, ಹೆಂಡತಿ ಅಥವಾ ಮನೆಯಲ್ಲಿ ನಿಮ್ಮನ್ನು ದಿನಾ ನೋಡುವ ಯಾರಾದರೂ ಜೊತೆಗಿರಲಿ.